ಗ್ಯಾಸ್ ಅಗ್ಗವಾಯಿತು, ಘಟಕ ಮಾತ್ರ ಶುರುವಾಗಲಿಲ್ಲ: ಜರ್ಮನಿಯ ಒಂದು ಅಮೋನಿಯಾ ಸ್ಥಾವರದ ಪ್ರಕರಣ

ಯುರೋಪಿನ ರಾಸಾಯನಿಕ ಉದ್ಯಮಕ್ಕೆ 2022ರಲ್ಲಿ ಬಿದ್ದ ಪೆಟ್ಟಿನ ಬಗ್ಗೆ ಸಾಮಾನ್ಯವಾಗಿ ಹೇಳುವ ಕಥೆ ಒಂದೇ. ರಷ್ಯಾದಿಂದ ಗ್ಯಾಸ್, ಅಂದರೆ ನೈಸರ್ಗಿಕ ಅನಿಲ, ಬರುವುದು ನಿಂತಿತು, ಬೆಲೆ ಏರಿತು, ಕಾರ್ಖಾನೆಗಳು ಬಾಗಿಲು ಹಾಕಿದವು. ಕಥೆ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. 2023ರ ಬೇಸಿಗೆಯ ಹೊತ್ತಿಗೆ ಗ್ಯಾಸಿನ ಬೆಲೆ ಹಿಂದಿನ ವರ್ಷದ ಅತಿ ಹೆಚ್ಚಿನ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಕೆಳಗೆ ಬಂದಿತ್ತು. ಬೆಲೆಯೇ ಕಾರಣವಾಗಿದ್ದರೆ ಮುಚ್ಚಿದ್ದೆಲ್ಲ ತೆರೆಯಬೇಕಿತ್ತು. ಹಲವು ಘಟಕಗಳು ತೆರೆಯಲಿಲ್ಲ. ಯಾಕೆ ಎಂಬುದನ್ನು ಅಂಥ ಒಂದು ಘಟಕವನ್ನು ಹಿಡಿದು ಇಲ್ಲಿ ಬರೆದಿದ್ದೇನೆ.

ಕಂಪನಿಯ ಹೆಸರಾಗಲಿ ಊರಾಗಲಿ ಇಲ್ಲಿ ಬರುವುದಿಲ್ಲ. ಅದೇ ಕಾಲದಲ್ಲಿ ಅದೇ ದಾರಿ ಹಿಡಿದ ಬೇರೆ ಘಟಕಗಳ ವಿವರವನ್ನೂ ಬೆರೆಸಿ, ಒಳಗಿನ ಅಂಕಿಗಳನ್ನು ದುಂಡಾಗಿಸಿದ್ದೇನೆ. ಮಾರುಕಟ್ಟೆಯ ಬೆಲೆ, ತಾರೀಖು, ಸರ್ಕಾರದ ಕ್ರಮಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ರೈನ್ ನದಿಯ ಬಯಲಿನ ಮಧ್ಯಮ ಗಾತ್ರದ ಕಾರ್ಖಾನೆ ಅದು. ಒಂದು ಅಮೋನಿಯಾ ಘಟಕ, ಅದರ ಸುತ್ತ ಅದನ್ನೇ ನಂಬಿಕೊಂಡ ಉಳಿದವು. ಅಮೋನಿಯಾದ ಒಂದು ಪಾಲು ನೈಟ್ರಿಕ್ ಆಮ್ಲವಾಗಿ, ಅಲ್ಲಿಂದ ನೈಟ್ರೇಟ್ ಗೊಬ್ಬರವಾಗುತ್ತಿತ್ತು. ಇನ್ನೊಂದು ಪಾಲು ಯೂರಿಯಾ. ಆ ಯೂರಿಯಾದಲ್ಲಿ ಸ್ವಲ್ಪ ಗೊಬ್ಬರಕ್ಕೆ, ಸ್ವಲ್ಪ ಡೀಸೆಲ್ ಲಾರಿಗಳ ಹೊಗೆ ಶುದ್ಧಿಗೆ ಹಾಕುವ ಆಡ್‌ಬ್ಲೂ ದ್ರಾವಣಕ್ಕೆ, ಉಳಿದದ್ದು ಮೆಲಮೈನಿಗೆ. ನಮ್ಮ ಅಡುಗೆಮನೆಯ ಕಪಾಟಿನ ಮೇಲಿರುವ ಸನ್‌ಮೈಕಾ ಹಾಳೆಯ ರಾಳಕ್ಕೆ ಬೇಕಾಗುವುದು ಇದೇ ಮೆಲಮೈನ್.

ಅಮೋನಿಯಾಕ್ಕೆ ಗ್ಯಾಸ್ ಉರುವಲೂ ಹೌದು, ಕಚ್ಚಾವಸ್ತುವೂ ಹೌದು. ಹೈಡ್ರೋಜನ್ ಬರುವುದೇ ಗ್ಯಾಸಿನಿಂದ. ಯುರೋಪಿನ ಹಳೆಯ ಘಟಕಗಳಲ್ಲಿ ಒಂದು ಟನ್ ಅಮೋನಿಯಾಕ್ಕೆ ಸುಮಾರು 10 ಮೆಗಾವ್ಯಾಟ್ ಅವರ್ ಗ್ಯಾಸ್ ಬೇಕು. ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 10,000 ಯೂನಿಟ್. ಹಾಗಾಗಿ ಲೆಕ್ಕ ಬಾಯಲ್ಲೇ ಮಾಡಬಹುದು: ಯುರೋಪಿನ ಗ್ಯಾಸ್ ದರಕ್ಕೆ ಅಳತೆಗೋಲಾದ ನೆದರ್‌ಲೆಂಡ್ಸ್‌ನ ಟಿಟಿಎಫ್ ಮಾರುಕಟ್ಟೆಯಲ್ಲಿ ದರ ಮೆಗಾವ್ಯಾಟ್ ಅವರಿಗೆ 20 ಯೂರೋ ಇದ್ದರೆ ಟನ್ನಿಗೆ ಗ್ಯಾಸಿನ ಖರ್ಚು 200, ದರ 100 ಆದರೆ ಖರ್ಚು 1,000.

ಇದು ಎಲ್ಲರಿಗೂ ಕಾಣುವ ಲೆಕ್ಕ. ಕಾಣದ ಲೆಕ್ಕವೂ ಒಂದಿತ್ತು. ಹೈಡ್ರೋಜನ್ ತೆಗೆಯುವಾಗ ಬೇರ್ಪಡುವ ಶುದ್ಧ ಕಾರ್ಬನ್ ಡೈಆಕ್ಸೈಡೇ ಯೂರಿಯಾ ಘಟಕದ ಎರಡನೇ ಕಚ್ಚಾವಸ್ತು. ಮೆಲಮೈನ್ ಮಾಡುವಾಗ ಹೊರಬೀಳುವ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಕೊಳವೆಯಲ್ಲಿ ವಾಪಸ್ ಯೂರಿಯಾ ಘಟಕಕ್ಕೇ ಹೋಗಬೇಕು. ಗ್ಯಾಸಿನಿಂದ ಹೈಡ್ರೋಜನ್ ತೆಗೆಯುವ ರಿಫಾರ್ಮರ್ ಕುಲುಮೆಯ ಬಿಸಿಯಿಂದ ಹುಟ್ಟುವ ಹಬೆ ಇಡೀ ಆವರಣದ ಯಂತ್ರಗಳಿಗೆ ಹಂಚಿಕೆಯಾಗುತ್ತಿತ್ತು. ಹಳೆಯ ಮನೆಗಳ ಕೋಡೊಲೆಯ ಹಾಗೆ: ಮುಖ್ಯ ಒಲೆಯ ಬೆಂಕಿ ತೆಗೆದರೆ ಪಕ್ಕದ ಪಾತ್ರೆಯೂ ತಣ್ಣಗಾಗುತ್ತದೆ. ಈ ಸಂಬಂಧಗಳು ಎಂಜಿನಿಯರುಗಳ ನಕ್ಷೆಯಲ್ಲಿದ್ದವು. ಹಣಕಾಸು ವಿಭಾಗದ ಹಾಳೆಯಲ್ಲಿ ಕಾರ್ಬನ್ ಡೈಆಕ್ಸೈಡಿನ ಬೆಲೆ ಸೊನ್ನೆ, ಹಬೆಗೆ ಎಂದೋ ಹಾಕಿದ ಒಂದು ಒಳದರ. ಪುಕ್ಕಟೆ ಸಿಗುವುದಕ್ಕೆ ಯಾರು ಬೆಲೆ ಕಟ್ಟುತ್ತಾರೆ?

ಮೊದಲ ಪೆಟ್ಟು

2021ರ ಮೊದಲ ತಿಂಗಳುಗಳಲ್ಲಿ ಟಿಟಿಎಫ್ ದರ 20 ಯೂರೋ ಆಸುಪಾಸಿನಲ್ಲಿತ್ತು. ಅಕ್ಟೋಬರಿನಲ್ಲಿ 100 ದಾಟಿತು. ಉಕ್ರೇನ್ ಯುದ್ಧ ಇನ್ನೂ ಶುರುವಾಗಿರಲಿಲ್ಲ ಎಂಬುದನ್ನು ಗಮನಿಸಿ. ಅದಕ್ಕೂ ಮುಂಚೆ ಸೆಪ್ಟೆಂಬರಿನಲ್ಲೇ ಬ್ರಿಟನ್ನಿನ ಎರಡು ದೊಡ್ಡ ಗೊಬ್ಬರ ಕಾರ್ಖಾನೆಗಳು ನಿಂತಿದ್ದವು. ಆ ದೇಶದ ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿದ್ದುದರಿಂದ ಮಾಂಸ ಮತ್ತು ತಂಪುಪಾನೀಯದ ಉದ್ಯಮಗಳು ಕಂಗಾಲಾದವು. ಕೊನೆಗೆ ಸರ್ಕಾರವೇ ಹಣ ಕೊಟ್ಟು ಒಂದು ಘಟಕವನ್ನು ಮತ್ತೆ ನಡೆಸಬೇಕಾಯಿತು. ನಮ್ಮ ಈ ಕಾರ್ಖಾನೆಯ ಆಡಳಿತ ಆ ಸುದ್ದಿಯಿಂದ ಕಲಿತದ್ದು, ಕಷ್ಟ ಬಂದರೆ ಸರ್ಕಾರ ಕೈಹಿಡಿಯುತ್ತದೆ ಎಂದು. ಅಮೋನಿಯಾ ನಿಂತರೆ ಕಾರ್ಬನ್ ಡೈಆಕ್ಸೈಡ್ ಕೂಡ ನಿಲ್ಲುತ್ತದೆ ಎಂಬ ಮಾತು ಅದೇ ಸುದ್ದಿಯಲ್ಲಿತ್ತು. ಅದನ್ನು ಯಾರೂ ತಮ್ಮ ಆವರಣಕ್ಕೆ ಹೊಂದಿಸಿ ನೋಡಲಿಲ್ಲ.

ಮೊದಲು ಮಾಡಿದ್ದು ಎರಡು ಕೆಲಸ. ಘಟಕವನ್ನು ಶೇ. 70ರ ಮಟ್ಟಕ್ಕೆ ಇಳಿಸಿದರು, ಗಿರಾಕಿಗಳ ಬಿಲ್ಲಿಗೆ ಇಂಧನ ಸರ್ಚಾರ್ಜ್ ಸೇರಿಸಿದರು. ಗಿರಾಕಿಗಳು ಗೊಣಗಿದರೂ ಕೊಟ್ಟರು. ಮಾಲಿಗೆ ಆಗ ಬೇಡಿಕೆ ಇತ್ತು. 2022ರ ಮಾರ್ಚಿನಲ್ಲಿ ದರ 200 ದಾಟಿದಾಗಲೂ ಇದೇ ಉಪಾಯದಿಂದ ಕಾಲ ತಳ್ಳಿದರು.

ಜೂನಿನಲ್ಲಿ ರಷ್ಯಾದಿಂದ ಜರ್ಮನಿಗೆ ಗ್ಯಾಸ್ ತರುವ ನಾರ್ಡ್ ಸ್ಟ್ರೀಮ್ ಕೊಳವೆಯ ಹರಿವು ಶೇ. 40ಕ್ಕೆ ಇಳಿಯಿತು, ಜುಲೈ ಕೊನೆಗೆ ಶೇ. 20ಕ್ಕೆ. ಜರ್ಮನ್ ಸರ್ಕಾರ ಜೂನ್ 23ರಂದು ಗ್ಯಾಸ್ ತುರ್ತುಯೋಜನೆಯ ಎರಡನೇ ಹಂತ ಘೋಷಿಸಿತು. ಪಡಿತರ ಬಂದರೆ ಯಾರಿಗೆ ಮೊದಲು ಕಡಿತ ಎಂಬ ಚರ್ಚೆ ಎದ್ದಿತು. ಆಡ್‌ಬ್ಲೂ ಇಲ್ಲದೆ ಲಾರಿಗಳು ಓಡುವುದಿಲ್ಲ, ಆದ್ದರಿಂದ ನಮ್ಮನ್ನು ಕಡಿತದ ಪಟ್ಟಿಯಲ್ಲಿ ಕೆಳಗಿಡಿ ಎಂದು ಕಾರ್ಖಾನೆ ವಾದಿಸಿತು. ವಾದ ಸರಿಯಾಗಿಯೇ ಇತ್ತು. ಆದರೆ ಎಲ್ಲರ ಕಣ್ಣೂ ಗ್ಯಾಸ್ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ನೆಟ್ಟಿತ್ತು. ಗ್ಯಾಸ್ ಕೊನೆಯವರೆಗೂ ಸಿಕ್ಕಿತು, ಕಡಿತ ಬರಲೇ ಇಲ್ಲ.

ನಿಲ್ಲಿಸಿದ ತಿಂಗಳು

ಆಗಸ್ಟ್ 26ರಂದು ಟಿಟಿಎಫ್ ದರ 339 ಯೂರೋ ಮುಟ್ಟಿತು. ಟನ್ ಅಮೋನಿಯಾಕ್ಕೆ ಬರೀ ಗ್ಯಾಸಿನ ಖರ್ಚೇ 3,400 ಯೂರೋ ಹತ್ತಿರ. ಹಡಗಿನಲ್ಲಿ ಬರುವ ಅಮೋನಿಯಾ ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಯುರೋಪಿನ ಅಮೋನಿಯಾ ಸಾಮರ್ಥ್ಯದ ಶೇ. 70ರಷ್ಟು ಆ ದಿನಗಳಲ್ಲಿ ನಿಂತಿತ್ತು ಅಥವಾ ಕುಗ್ಗಿತ್ತು. ಈ ಕಾರ್ಖಾನೆಯೂ ಘಟಕ ನಿಲ್ಲಿಸಲು ತೀರ್ಮಾನಿಸಿತು. ಈ ತೀರ್ಮಾನದಲ್ಲಿ ತಪ್ಪು ಹುಡುಕುವವರನ್ನು ನಾನು ಒಪ್ಪುವುದಿಲ್ಲ. ಆ ದರದಲ್ಲಿ ನಡೆಸುವುದು ಹುಚ್ಚು.

ಯೋಜನೆ ಸರಳವಾಗಿತ್ತು: ಅಮೋನಿಯಾ ಮಾಡುವ ಬದಲು ಕೊಳ್ಳೋಣ, ಉಳಿದ ಘಟಕಗಳನ್ನು ಎಂದಿನಂತೆ ನಡೆಸೋಣ. ತೀರ್ಮಾನದ ಸಭೆಯಲ್ಲಿ ಯೂರಿಯಾ ಘಟಕದ ಹಿರಿಯ ಮೇಲ್ವಿಚಾರಕರೊಬ್ಬರು ಖರೀದಿ ಮುಖ್ಯಸ್ಥರನ್ನು ಕೇಳಿದರಂತೆ: "ಅಮೋನಿಯಾ ನೀವು ತರಿಸ್ತೀರಿ, ಸರಿ. ನನ್ನ ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ಬರುತ್ತೆ?" ಟ್ಯಾಂಕರಿನಲ್ಲಿ ತರಿಸೋಣ ಎಂದರು ಖರೀದಿ ಮುಖ್ಯಸ್ಥರು. ಮೇಲ್ವಿಚಾರಕರು ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದರು. ಟನ್ ಯೂರಿಯಾಕ್ಕೆ 0.73 ಟನ್ ಕಾರ್ಬನ್ ಡೈಆಕ್ಸೈಡ್ ಬೇಕು. ದಿನಕ್ಕೆ 600 ಟನ್ ಯೂರಿಯಾ ಎಂದರೆ 440 ಟನ್ ಹತ್ತಿರ. ಇಪ್ಪತ್ತು ಟನ್ನಿನ ಟ್ಯಾಂಕರ್ ಆದರೆ ದಿನಾ ಇಪ್ಪತ್ತೆರಡು ಬರಬೇಕು, ಅದೂ ಬಿಯರ್ ಕಾರ್ಖಾನೆಗಳೇ ಈ ಅನಿಲಕ್ಕಾಗಿ ಪರದಾಡುತ್ತಿದ್ದ ಕಾಲದಲ್ಲಿ. ಸಭೆ ಅಲ್ಲಿಗೆ ಮೌನವಾಯಿತು ಎನ್ನುತ್ತಾರೆ ಅಲ್ಲಿದ್ದವರು.

ಯೂರಿಯಾ ನಿಂತಿತು. ಯೂರಿಯಾ ನಿಂತದ್ದರಿಂದ ಮೆಲಮೈನೂ ನಿಂತಿತು. ಯೂರಿಯಾವನ್ನು ಹೊರಗಿಂದ ತಂದು ಕರಗಿಸಿ ಮೆಲಮೈನ್ ಮಾಡಬಹುದಲ್ಲ ಎಂಬ ಸಲಹೆಗೂ ಉತ್ತರ ಕೊಳವೆಯಲ್ಲೇ ಇತ್ತು: ಹೊರಬೀಳುವ ಅನಿಲವನ್ನು ಕಳಿಸುವುದೆಲ್ಲಿಗೆ?

ಆಡ್‌ಬ್ಲೂ ಮಾತ್ರ ಹೇಗೋ ಉಳಿಯಿತು, ಅದೂ ಒಂದು ಎಡವಟ್ಟಿನ ನಂತರ. ಅದು ಶೇ. 32.5ರ ಯೂರಿಯಾ ದ್ರಾವಣ. ಪೇಟೆಯಲ್ಲಿ ಸಿಗುವ ಗೊಬ್ಬರದ ಯೂರಿಯಾ ಕೊಂಡು ನೀರಿನಲ್ಲಿ ಕರಗಿಸಿದರಾಯಿತು ಎಂದುಕೊಂಡು ಬೆಲೆಪಟ್ಟಿ ತರಿಸಿದರು. ಗೊಬ್ಬರದ ಕಾಳು ಗಟ್ಟಿಕಟ್ಟದಿರಲಿ ಎಂದು ಅದಕ್ಕೆ ಫಾರ್ಮಾಲ್ಡಿಹೈಡ್ ಆಧಾರದ ಪದಾರ್ಥ ಸೇರಿಸಿರುತ್ತಾರೆ. ಲಾರಿಯ ಕ್ಯಾಟಲಿಸ್ಟಿಗೆ ಅದು ಆಗದು, ಆಡ್‌ಬ್ಲೂ ಮಾನದಂಡದಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿಯಿದೆ. ಪ್ರಯೋಗಾಲಯದವರು ಮಾದರಿಯನ್ನು ತಿರಸ್ಕರಿಸಿದರು. ಕೊನೆಗೆ ಆ ಪದಾರ್ಥ ಸೇರಿಸದ ತಾಂತ್ರಿಕ ದರ್ಜೆಯ ಯೂರಿಯಾ ಹುಡುಕಬೇಕಾಯಿತು. ಬೆಲೆ ಬೇರೆ, ಸರದಿ ಉದ್ದ.

ಬರೆಯ ಮೇಲೆ ಬರೆ ಎಂಬಂತೆ ಅದೇ ತಿಂಗಳು ರೈನ್ ಬತ್ತಿತು. ಕೌಬ್ ಎಂಬಲ್ಲಿನ ಅಳತೆಗೋಲಿನಲ್ಲಿ ನೀರು 40 ಸೆಂಟಿಮೀಟರಿಗಿಂತ ಕೆಳಗೆ ಹೋಯಿತು. ದೋಣಿಗಳು ಅರ್ಧಕ್ಕಿಂತ ಕಡಿಮೆ ಹೊರೆ ಹೊತ್ತು ತೆವಳುತ್ತಿದ್ದವು. ರೈಲಿಗೆ ಹೋಗೋಣವೆಂದರೆ ಕಲ್ಲಿದ್ದಲು ಮತ್ತು ತೈಲದ ಗಾಡಿಗಳಿಗೆ ಸರ್ಕಾರ ಮೊದಲ ಹಾದಿ ಕೊಟ್ಟಿತ್ತು. ಆಮದು ಅಮೋನಿಯಾದ ವ್ಯಾಗನ್ನುಗಳು ದಿನಗಟ್ಟಲೆ ತಡವಾಗಿ ಬಂದವು. ಇತ್ತ ಹಬೆಗಾಗಿ ಬದಲಿ ಬಾಯ್ಲರುಗಳನ್ನು ಉರಿಸಬೇಕಾಯಿತು. ಒಂದು ಕಡೆ ಉಳಿಸಿದ ಗ್ಯಾಸಿನ ಒಂದು ಪಾಲು ಇನ್ನೊಂದು ಕಡೆ ಖರ್ಚಾಯಿತು.

ಒಳ್ಳೆಯ ತ್ರೈಮಾಸಿಕ

ಪ್ರಕರಣದ ತಿರುವು ನನ್ನ ದೃಷ್ಟಿಯಲ್ಲಿ ನಿಲ್ಲಿಸಿದ್ದಲ್ಲ, ನಿಲ್ಲಿಸಿದ ಮೇಲೆ ಬಂದ ಲಾಭ. ಕಂಪನಿ ತನಗೆ ಬೇಕಾದ ಗ್ಯಾಸಿನ ಒಂದು ಭಾಗವನ್ನು ಹಿಂದೆಯೇ ಕಡಿಮೆ ದರಕ್ಕೆ ಮುಂಗಡ ಒಪ್ಪಂದದಲ್ಲಿ ಹಿಡಿದಿಟ್ಟಿತ್ತು. ಘಟಕ ನಿಂತಾಗ ಆ ಗ್ಯಾಸನ್ನು ಮಾರುಕಟ್ಟೆಗೆ ವಾಪಸ್ ಮಾರಿತು. 2022ರ ಮೂರನೇ ತ್ರೈಮಾಸಿಕ ಆ ಆವರಣದ ಲೆಕ್ಕಪುಸ್ತಕದಲ್ಲಿ ವರ್ಷಗಳಲ್ಲೇ ಒಳ್ಳೆಯದು. ಕುಲುಮೆ ಆರಿದೆ, ಬೊಕ್ಕಸ ತುಂಬಿದೆ!

ಇದರಿಂದ ಎರಡು ಕೇಡಾಯಿತು. ನಿಲುಗಡೆ ಯಶಸ್ಸಿನ ಹಾಗೆ ಕಂಡಿತು. ಮತ್ತೆ ಶುರುಮಾಡಲು ಏನೇನು ಸಿದ್ಧವಿರಬೇಕು ಎಂಬ ಚರ್ಚೆಯನ್ನು ಮುಂದಿನ ವರ್ಷಕ್ಕೆ ದೂಡಿದರು. ಎರಡನೆಯದು ಗಿರಾಕಿಗಳದ್ದು. ಮೆಲಮೈನ್ ಕೊಳ್ಳುತ್ತಿದ್ದ ಲ್ಯಾಮಿನೇಟ್ ಕಂಪನಿಯೊಂದಕ್ಕೆ "ಅನಿವಾರ್ಯ ಕಾರಣ" ಎಂಬ ಪತ್ರ ಹೋಗಿತ್ತು. ಅವರು ಆಮದು ಮೆಲಮೈನ್ ತರಿಸಿ, ತಮ್ಮ ರಾಳದ ಪಾಕವನ್ನು ಅದಕ್ಕೆ ಹೊಂದಿಸಿ, ಪರೀಕ್ಷೆ ಮುಗಿಸಿಕೊಂಡರು. ಇಂಥ ಹೊಂದಾಣಿಕೆಗೆ ತಿಂಗಳುಗಳು ಬೇಕು. ಒಮ್ಮೆ ಆದ ಮೇಲೆ ಹಿಂತಿರುಗಲು ಕಾರಣ ಬೇಕು.

ಮರು ಆರಂಭದ ಲೆಕ್ಕ

ಚಳಿಗಾಲ ಹೆದರಿದಷ್ಟು ಕಠಿಣವಾಗಲಿಲ್ಲ. ಡಿಸೆಂಬರಿನಲ್ಲಿ ವಿಲ್ಹೆಲ್ಮ್ಸ್‌ಹಾಫೆನ್ ಬಂದರಿನಲ್ಲಿ, ದ್ರವರೂಪದ ಗ್ಯಾಸನ್ನು ಹಡಗಿನಿಂದ ಇಳಿಸಿಕೊಳ್ಳುವ, ಜರ್ಮನಿಯ ಮೊದಲ ಎಲ್‌ಎನ್‌ಜಿ ಟರ್ಮಿನಲ್ ತೆರೆಯಿತು. ಸರ್ಕಾರ ಉದ್ಯಮಗಳಿಗೆ 2021ರ ಬಳಕೆಯ ಶೇ. 70ರ ಮಟ್ಟಿಗೆ ಯೂನಿಟ್ಟಿಗೆ 7 ಸೆಂಟ್ ಎಂಬ ಬೆಲೆಮಿತಿ ಹಾಕಿತು. ಅಂದರೆ ಮೆಗಾವ್ಯಾಟ್ ಅವರಿಗೆ 70 ಯೂರೋ. ಆದರೆ 2023ರ ಜನವರಿಯಲ್ಲೇ ಮಾರುಕಟ್ಟೆ ದರ 70ಕ್ಕಿಂತ ಕೆಳಗೆ ಜಾರಿತ್ತು. ಸಗಟಾಗಿ ಕೊಳ್ಳುವವರಿಗೆ ಆ ಮಿತಿ ಮಳೆ ನಿಂತ ಮೇಲೆ ಬಂದ ಕೊಡೆ. ಜೂನಿನ ಹೊತ್ತಿಗೆ ದರ 30ರ ಸುತ್ತಮುತ್ತ.

ಆಗ ಮತ್ತೆ ಹಾಳೆ ತೆಗೆದರು. 30 ಯೂರೋ ದರದಲ್ಲಿ ಟನ್ ಅಮೋನಿಯಾಕ್ಕೆ ಗ್ಯಾಸ್ ಖರ್ಚು 300. ಅದರ ಮೇಲೆ ಕರೆಂಟು, ನಿರ್ವಹಣೆ, ಹೊರಬಿಡುವ ಕಾರ್ಬನ್ ಡೈಆಕ್ಸೈಡಿಗೆ ಬೇಕಾದ ಇಂಗಾಲದ ಪರವಾನಗಿಯ ಹೊರೆ. ಫೆಬ್ರವರಿಯಲ್ಲಿ ಯುರೋಪಿನ ಇಂಗಾಲದ ಬೆಲೆ ಟನ್ನಿಗೆ 100 ಯೂರೋ ಮುಟ್ಟಿ ಬಂದಿತ್ತು. ಅಷ್ಟರಲ್ಲಿ ಅಮೆರಿಕದ ಟ್ಯಾಂಪಾ ಬಂದರಿನ ಅಮೋನಿಯಾ ಒಪ್ಪಂದದ ಬೆಲೆ, 2022ರ ಏಪ್ರಿಲಿನಲ್ಲಿ ಟನ್ನಿಗೆ 1,625 ಡಾಲರ್ ಇದ್ದದ್ದು, ಜುಲೈಗೆ 285ಕ್ಕೆ ಕುಸಿದಿತ್ತು. ಯೂರೋದಲ್ಲಿ 260ರಷ್ಟು. ಅಟ್ಲಾಂಟಿಕ್ ದಾಟಿಸುವ ಬಾಡಿಗೆ ಸೇರಿಸಿದರೂ ಕೊಂಡ ಅಮೋನಿಯಾ ಸ್ವಂತದ್ದಕ್ಕಿಂತ ದುಬಾರಿಯಾಗುತ್ತಿರಲಿಲ್ಲ. ಗ್ಯಾಸ್ ಯುರೋಪಿನಲ್ಲಿ ಅಗ್ಗವಾಗಿತ್ತು ನಿಜ, ಅಮೆರಿಕದಲ್ಲಿ ಅದಕ್ಕಿಂತ ಬಹಳ ಅಗ್ಗವಾಗಿತ್ತು. ತನ್ನ ಹಿಂದಿನ ದರದೊಡನೆ ಹೋಲಿಸಿಕೊಂಡು ಕಂಪನಿ ಸಮಾಧಾನಪಟ್ಟಿತು, ಮಾರುಕಟ್ಟೆ ಅದನ್ನು ಎದುರಾಳಿಯೊಡನೆ ಹೋಲಿಸಿತು.

ಆದರೂ ಆವರಣದ ಎಂಜಿನಿಯರುಗಳ ಬಳಿ ಗಟ್ಟಿ ವಾದವಿತ್ತು. ಸ್ವಂತ ಅಮೋನಿಯಾ ಸ್ವಲ್ಪ ದುಬಾರಿಯಾದರೂ ಅದರ ಜೊತೆ ಕಾರ್ಬನ್ ಡೈಆಕ್ಸೈಡೂ ಹಬೆಯೂ ಬರುತ್ತವೆ, ಯೂರಿಯಾ–ಮೆಲಮೈನ್ ಸಾಲು ಬದುಕುತ್ತದೆ. ಮೊದಲ ಬಾರಿಗೆ ಆ ಪುಕ್ಕಟೆ ವಸ್ತುಗಳಿಗೆ ಬೆಲೆ ಕಟ್ಟಿದ ಹಾಳೆ ತಯಾರಾಯಿತು. ಪೂರ್ತಿ ಹೊರೆಯಲ್ಲಿ ನಡೆಸಿದರೆ ಲೆಕ್ಕ ಕೂಡುತ್ತಿತ್ತು.

ಪೂರ್ತಿ ಹೊರೆ ಎಲ್ಲಿತ್ತು? ಆರ್ಥಿಕ ಬೆಳವಣಿಗೆ ಕುಂಠಿತವಾದದ್ದು ಈ ಪ್ರಕರಣದೊಳಗೆ ಕಾಲಿಡುವುದು ಇಲ್ಲಿ. 2022ರ ಬೇಸಿಗೆಯಲ್ಲಿ ಸೊನ್ನೆಗಿಂತ ಕೆಳಗಿದ್ದ ಯುರೋಪಿನ ಕೇಂದ್ರ ಬ್ಯಾಂಕಿನ ಠೇವಣಿ ದರ 2023ರ ಸೆಪ್ಟೆಂಬರಿಗೆ ಶೇ. 4 ಆಯಿತು. ಮನೆ ಸಾಲ ದುಬಾರಿಯಾಗಿ ಹೊಸ ಮನೆಗಳು ಕಡಿಮೆಯಾದವು. ಹೊಸ ಮನೆ ಇಲ್ಲದಿದ್ದರೆ ಹೊಸ ಅಡುಗೆಮನೆ ಇಲ್ಲ, ಕಪಾಟಿಲ್ಲ, ಲ್ಯಾಮಿನೇಟಿಲ್ಲ, ಮೆಲಮೈನಿಲ್ಲ. ಚೀನಾದ ಮನೆ ನಿರ್ಮಾಣ ಉದ್ಯಮವೂ ಅಲ್ಲಿನ ದೈತ್ಯ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ ಕುಸಿತದ ನಂತರ ನೆಲಕಚ್ಚಿತ್ತು. ಅಲ್ಲಿ ಖರ್ಚಾಗದ ಮಾಲು ಹೊರಗೆ ಮಾರುಕಟ್ಟೆ ಹುಡುಕುತ್ತಿತ್ತು. ಗಿರಾಕಿಗಳು 2021–22ರ ಭಯದಲ್ಲಿ ತುಂಬಿಟ್ಟುಕೊಂಡ ದಾಸ್ತಾನನ್ನೇ ಕರಗಿಸುತ್ತಿದ್ದರು, ಹೊಸ ಆರ್ಡರ್ ಇಲ್ಲ. 2023ರಲ್ಲಿ ಜರ್ಮನಿಯ ರಾಸಾಯನಿಕ ಮತ್ತು ಔಷಧ ಉತ್ಪಾದನೆ ಸುಮಾರು ಶೇ. 8ರಷ್ಟು ತಗ್ಗಿತು. ಮಂಗಳೂರಿನ ಬಾಳದಲ್ಲೂ ಕಾರ್ಖಾನೆಯಿರುವ ಜರ್ಮನ್ ರಾಸಾಯನಿಕ ಕಂಪನಿ ಬಿಎಎಸ್ಎಫ್, ಲುಡ್ವಿಗ್ಸ್‌ಹಾಫೆನ್‌ನ ತನ್ನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಆ ಫೆಬ್ರವರಿಯಲ್ಲೇ ಹೇಳಿತ್ತು.

ಅಮೋನಿಯಾ ಘಟಕಕ್ಕೆ ಒಂದು ತಳಮಟ್ಟವಿದೆ. ಅನಿಲವನ್ನು ಒತ್ತಡಕ್ಕೇರಿಸುವ ಸಂಕೋಚಕಗಳು (ಕಂಪ್ರೆಸರ್) ಸಾಮರ್ಥ್ಯದ ಸುಮಾರು ಶೇ. 65ಕ್ಕಿಂತ ಕೆಳಗೆ ಸರಿಯಾಗಿ ನಡೆಯುವುದಿಲ್ಲ. ದಿನಕ್ಕೆ 1,000 ಟನ್ ಸಾಮರ್ಥ್ಯ ಎಂದಿಟ್ಟುಕೊಳ್ಳಿ, ಕನಿಷ್ಠ 650 ಟನ್ ಮಾಡಲೇಬೇಕು. ಉಳಿದ ಘಟಕಗಳೆಲ್ಲ ಸೇರಿ ಕೇಳುತ್ತಿದ್ದದ್ದು 500. ಮಿಕ್ಕ 150 ಟನ್ನನ್ನು ಹೊರಗೆ ಮಾರಿದರೆ ಗ್ಯಾಸಿನ ಖರ್ಚೂ ಪೂರ್ತಿ ಹುಟ್ಟುವುದಿಲ್ಲ. ತಿಂಗಳಲ್ಲಿ ಎರಡು ವಾರ ನಡೆಸಿ ಎರಡು ವಾರ ನಿಲ್ಲಿಸೋಣವೆಂದರೆ, ಒಮ್ಮೆ ಹೊತ್ತಿಸಿ ಮಾಲು ಬರುವವರೆಗೆ ದಿನಗಟ್ಟಲೆ ಗ್ಯಾಸ್ ಸುಮ್ಮನೆ ಉರಿಯುತ್ತದೆ. ಕಾದು ತಣಿಯುವ ಪ್ರತಿ ಸುತ್ತಿಗೂ ರಿಫಾರ್ಮರ್ ಟ್ಯೂಬುಗಳ ಆಯುಷ್ಯ ಕರಗುತ್ತದೆ.

ಗ್ಯಾಸಿನ ಬೆಲೆ ಈ ಘಟಕವನ್ನು ನಿಲ್ಲಿಸಿತು. ಅದನ್ನು ನಿಂತಲ್ಲೇ ಇರಿಸಿದ್ದು ಆ 150 ಟನ್.

ಮಾರಾಟ ವಿಭಾಗ ಕೊನೆಯ ಪ್ರಯತ್ನವಾಗಿ ಆ ಲ್ಯಾಮಿನೇಟ್ ಕಂಪನಿಯ ಬಾಗಿಲು ತಟ್ಟಿತು, ಹಳೆಯ ಬೆಲೆಗಿಂತ ಕಡಿಮೆಗೆ ಕೊಡುತ್ತೇವೆಂದಿತು. ಅಲ್ಲಿನ ಖರೀದಿ ಅಧಿಕಾರಿ ಸಮಾಧಾನವಾಗಿ ಕೇಳಿದ್ದು ಒಂದೇ ಮಾತು: "ಮುಂದಿನ ಸಲ ಗ್ಯಾಸ್ ಏರಿದಾಗ ನೀವು ನಮಗೆ ಮೆಲಮೈನ್ ಕೊಡ್ತೀರಾ, ಇಲ್ಲ ಗ್ಯಾಸ್ ಮಾರ್ತೀರಾ?" ಎರಡು ವರ್ಷದ ಒಪ್ಪಂದ ಆಮದುದಾರರಿಗೇ ಹೋಯಿತು.

ಫಲಿತಾಂಶ

ಅಮೋನಿಯಾ, ಯೂರಿಯಾ, ಮೆಲಮೈನ್ ಮೂರನ್ನೂ ಶಾಶ್ವತವಾಗಿ ಮುಚ್ಚುವ ತೀರ್ಮಾನ ಆ ವರ್ಷದ ಕೊನೆಗೆ ಬಂತು. ನೈಟ್ರಿಕ್ ಆಮ್ಲದ ಸಾಲು ಉಳಿಯಿತು. ಅದಕ್ಕೆ ಅಮೋನಿಯಾ ಮತ್ತು ಗಾಳಿ ಸಾಕು, ಅದು ತನ್ನ ಹಬೆಯನ್ನೂ ತಾನೇ ಹುಟ್ಟಿಸಿಕೊಳ್ಳುತ್ತದೆ. ಆಡ್‌ಬ್ಲೂ ಕೊಂಡ ಯೂರಿಯಾದಿಂದ ನಡೆದಿದೆ. ಕಾರ್ಮಿಕ ಪ್ರತಿನಿಧಿಗಳೊಂದಿಗೆ ದೀರ್ಘ ಮಾತುಕತೆ ನಡೆಯಿತು. ವಯಸ್ಸಾದವರು ಬೇಗ ನಿವೃತ್ತರಾದರು, ಕಿರಿಯರು ಬೇರೆ ಸಾಲಿಗೆ ಅಥವಾ ಬೇರೆ ಊರಿಗೆ ಹೋದರು. ಇದರಲ್ಲಿ ಒಂದು ವಿಚಾರ ಚರ್ಚೆಗೇ ಬರಲಿಲ್ಲ. ತಣ್ಣಗಿರುವ ಘಟಕವನ್ನು ಹೊತ್ತಿಸಬಲ್ಲ ಅನುಭವಿಗಳ ಪಟ್ಟಿ 2022ರ ಆಗಸ್ಟಿನಲ್ಲಿ ಇದ್ದಷ್ಟು 2023ರ ಜೂನಿನಲ್ಲಿ ಇರಲಿಲ್ಲ. ಮರು ಆರಂಭದ ಹಾಳೆಯಲ್ಲಿ ಆ ಸಾಲಿಗೆ ಜಾಗವೇ ಇರಲಿಲ್ಲ.

ಇಂಥ ಆವರಣ ನಡೆಸುವವರಿಗೆ ನಾನು ಹೇಳುವುದಾದರೆ, ನಿಲ್ಲಿಸುವ ದಿನವೇ ಮರು ಆರಂಭದ ಷರತ್ತುಗಳನ್ನು ಬರೆದಿಡಬೇಕು. ಗ್ಯಾಸ್ ದರ ಇಷ್ಟಾದರೆ ಎಂದಷ್ಟೇ ಬರೆದರೆ ಸಾಲದು. ಆಮದು ಬೆಲೆಗೂ ಸ್ವಂತ ಖರ್ಚಿಗೂ ಅಂತರ ಎಷ್ಟಿರಬೇಕು, ಒಳಬೇಡಿಕೆ ತಳಮಟ್ಟಕ್ಕಿಂತ ಮೇಲಿದೆಯೇ, ಯಾವ ಗಿರಾಕಿಯನ್ನು ನಷ್ಟದಲ್ಲಾದರೂ ಹಿಡಿದಿಟ್ಟುಕೊಳ್ಳಬೇಕು, ಇವೂ ಅದೇ ಹಾಳೆಯಲ್ಲಿರಬೇಕು. ಗ್ಯಾಸ್ ಮಾರಿ ಬಂದ ಲಾಭದಲ್ಲಿ ಒಂದು ಪಾಲಿನಿಂದ ಆಮದು ಮೆಲಮೈನ್ ಕೊಂಡು ಆ ಗಿರಾಕಿಗೆ ತಾವೇ ತಲುಪಿಸಿದ್ದರೆ ಆ 150 ಟನ್ನಿನ ಕೊರತೆ ಚಿಕ್ಕದಾಗುತ್ತಿತ್ತೇನೋ. ಖಚಿತವಾಗಿ ಉಳಿಯುತ್ತಿತ್ತು ಎಂದು ಮಾತ್ರ ಹೇಳಲಾರೆ. ಕಟ್ಟಡಗಳೇ ಏಳದಿದ್ದಾಗ ಮೆಲಮೈನನ್ನು ಯಾರೂ ತಿನ್ನುವುದಿಲ್ಲ.

ನಮ್ಮ ಓದುಗರಿಗೆ ಇದು ದೂರದ ಕಥೆ ಅನಿಸಬಹುದು. 2022–23ರಲ್ಲಿ ಭಾರತ ಸರ್ಕಾರದ ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಆಯಿತು. ಯುರೋಪಿನವರು ಎಲ್‌ಎನ್‌ಜಿ ಹಡಗುಗಳಿಗೆ ಎಷ್ಟಾದರೂ ಕೊಡಲು ನಿಂತಾಗ ಬಾಂಗ್ಲಾದೇಶ ಅಂದಂದಿನ ದರದ ಬಿಡಿ ಖರೀದಿಯನ್ನೇ ನಿಲ್ಲಿಸಿ ಕತ್ತಲಲ್ಲಿ ಕೂತಿತು. ಮಂಡ್ಯದ ಅಥವಾ ರಾಯಚೂರಿನ ರೈತ 45 ಕೆ.ಜಿ. ಯೂರಿಯಾ ಚೀಲಕ್ಕೆ ಕೊಟ್ಟದ್ದು ಅದೇ 266 ರೂಪಾಯಿ 50 ಪೈಸೆ. ಬೆಲೆಯೇರಿಕೆ ಇಲ್ಲಿ ಬಜೆಟ್ಟಿನೊಳಗೆ ಅಡಗಿತು, ಅಲ್ಲಿ ಕಾರ್ಖಾನೆಯ ಗೇಟಿನಲ್ಲಿ ಕಾಣಿಸಿತು.

ಆವರಣದ ಲೆಕ್ಕ ಈಗ ಮತ್ತೆ ಬದಲಾಗುತ್ತಿದೆ. 2026ರ ಜನವರಿಯಿಂದ ಯುರೋಪಿಗೆ ಬರುವ ಅಮೋನಿಯಾ ಮತ್ತು ಯೂರಿಯಾದ ಮೇಲೂ ಗಡಿಯಲ್ಲಿ ಇಂಗಾಲದ ಶುಲ್ಕದ ಲೆಕ್ಕ ಶುರುವಾಗಿದೆ. ಆಮದಿಗೂ ಸ್ವಂತದ್ದಕ್ಕೂ ಇದ್ದ ಅಂತರ ಸ್ವಲ್ಪ ಕಿರಿದಾಗುತ್ತದೆ. 2023ರ ಹಾಳೆಯಲ್ಲಿ ಆ ಸಾಲು ಸೇರಿಸಿದ್ದರೆ ಉತ್ತರ ಬೇರೆ ಬರುತ್ತಿತ್ತೇ ಎಂದು ಅಲ್ಲಿ ಉಳಿದವರಲ್ಲಿ ಕೆಲವರು ವಾದ ಮಾಡುತ್ತಾರೆ. ವಾದಕ್ಕಷ್ಟೇ ಅದು. ರಿಫಾರ್ಮರ್ ಟ್ಯೂಬುಗಳನ್ನು 2024ರಲ್ಲೇ ಕತ್ತರಿಸಿ, ಅದರಲ್ಲಿನ ನಿಕ್ಕಲ್ಲಿನ ಬೆಲೆಗೆ ಗುಜರಿಗೆ ಹಾಕಿಯಾಗಿದೆ.